ನೀಲವ್ವನ ಒಡಪು

ಅವತ್ತು ಬರಬೇಕಾಗಿದ್ದವರು ಮುಂಡರಗಿಯವರು. ಬಂದವರು ಬೇರೆ.

ಶ್ರಾವಣದ ಒಂದು ಬುಧವಾರ. ಬೆಟಗೇರಿಯ ನಮ್ಮ ಓಣಿಯ ಮೇಲೆ ಸುರಿಯದ ಮೋಡ ನಿಂತಿತ್ತು. ಮನೆಮನೆಯಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಅವ್ವ ನನಗೆ ತಿಳಿಹಸಿರು ಸೀರೆ ಉಡಿಸಿ, ಸೆರಗಿಗೆ ಪಿನ್ನು ಚುಚ್ಚುತ್ತ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.

"ಬಂದವರು ಏನರ ಕೇಳಿದ್ರ ಬಾಯಿ ಬಿಟ್ಟು ಹೇಳವಾ ಇಂದೂ. ಸುಮ್ನ ನೆಲಾ ನೋಡಿಕೋತ ನಿಂದ್ರಬ್ಯಾಡ. ಯಮನವ್ವನ ಮಗಳು ಬಿ.ಎ. ಕಲ್ತು ನಾಲಿಗಿ ಕಾಲೇಜಿನ್ಯಾಗ ಬಿಟ್ಟು ಬಂದಾಳ ಅಂತ ಓಣ್ಯಾಗ ಮೊದಲ ನಗತಾರ."

ನಾನು ನೆಲ ನೋಡಿದೆ.

ಬಾಗಿಲಲ್ಲಿ ನೆರಳು ಬಿತ್ತು. ಎತ್ತರದ ಆಳು, ಹೆಗಲಿಗೆ ಭಾರದ ಚೀಲ, ಕೈಯಲ್ಲಿ ಮಡಿಸಿದ ಕೊಡೆ. ಚಪ್ಪಲಿ ಬಿಡುವಾಗ ಎರಡನ್ನೂ ಜೋಡಿಸಿಟ್ಟ ರೀತಿ ನನ್ನ ಕಣ್ಣಿಗೆ ಬಿತ್ತು. ಅಡುಗೆಮನೆಯ ಬಾಗಿಲ ಸಂದಿನಿಂದ ಅಷ್ಟೇ ಕಾಣುತ್ತಿತ್ತು.

"ಎಲ್ಲಿಂದ ಬಂದ್ರಿ?" ಅವ್ವ ಕೇಳಿದಳು.

"ಹಳ್ಳದ ದಂಡಿ ಕಡಿಯಿಂದ ಬಂದೇನ್ರಿ."

ವರನ ಮನೆ ಮುಂಡರಗಿಯಲ್ಲಿ ಹಳ್ಳದ ದಂಡೆಗೇ ಇದೆ ಎಂದು ಸಂಬಂಧ ತಂದಿದ್ದ ಸಕ್ರಪ್ಪ ಕಾಕಾ ಹೇಳಿದ್ದ. ಅವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಚಾಪೆ ಹಾಸಿದಳು.

"ಬರ್ರಿ, ಕುಂಡ್ರಿ. ಒಬ್ಬರ ಬಂದೀರಿ, ಹಿರ್ಯಾರು ಬರಲಿಲ್ಲೇನ್ರಿ?"

"ಅವರಿಗೆ ಸ್ಟುಡಿಯೋದಾಗ ಕೆಲಸ ಐತ್ರಿ. ಹೋಗಿ ಎಲ್ಲಾ ಕೇಳಿಕೊಂಡು ಬಾ ಅಂತ ನನ್ನ ಕಳಿಸ್ಯಾರ."

ಅವ್ವ ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು. "ಬರೇ ಮಗ್ಗ ಅಲ್ಲವಾ, ಫೋಟೋ ಸ್ಟುಡಿಯೋನೂ ಐತಂತ. ಸಕ್ರಪ್ಪ ಹೇಳೇ ಇಲ್ಲ ನೋಡು."

ಅವಲಕ್ಕಿ, ಚಹಾ ಇದ್ದ ತಟ್ಟೆ ಹಿಡಿದು ನಾನು ಹೊರಗೆ ಬಂದೆ. ಬಂದವರು ಎದ್ದು ನಿಂತರು. ಕನ್ಯೆ ನೋಡಲು ಬಂದವರು ಎದ್ದು ನಿಲ್ಲುವುದಿಲ್ಲ. ನನ್ನ ಸೀರೆಯನ್ನೂ ಹೂವನ್ನೂ ನೋಡಿ, ತಪ್ಪು ಮನೆಗೆ ಬಂದೆನೇ ಎನ್ನುವಂತೆ ಹುಬ್ಬು ಕೂಡಿಸಿದರು. ಆಮೇಲೆ ಧೈರ್ಯ ಮಾಡಿ ನನ್ನನ್ನೇ ಕೇಳಿದರು.

"ನಿಮಗ ಹಳೆ ನೀಲವ್ವ ನೆನಪದಾಳೇನ್ರಿ?"

ಅವ್ವನ ಮುಖ ಸಣ್ಣದಾಯಿತು. "ಯಾವ ನೀಲವ್ವರಿ? ಹಳೇಕಿ ಅಂದ್ರ?"

"ಮೊದಲಿನಾಕಿ ರೀ. ನಡುವ ಬಿಟ್ಟು ಹೋದಳು. ಆಮ್ಯಾಲೆ ಎರಡನೇದಾಕಿ ಬಂದಳು, ಜನಾ ಒಪ್ಪಲಿಲ್ಲ."

"ಯವ್ವಾ, ಹಂಗಾರ ನಮ್ಮ ಹುಡುಗಿ ಮೂರನೇದಾಕಿ ಏನು?" ಎಂದು ಅವ್ವ ಗೋಡೆ ಹಿಡಿದಳು.

ನನಗೆ ಅಷ್ಟೊತ್ತಿಗೆ ಎಲ್ಲ ತಿಳಿದುಹೋಗಿತ್ತು. ನಗು ತಡೆಯಲು ತುಟಿ ಕಚ್ಚಿದೆ. ಕಪ್ಪುಗಳು ತಟ್ಟೆಯಲ್ಲಿ ಕಿಣಿಕಿಣಿ ಅಂದವು. ಬಂದವರು ನನ್ನ ತುಟಿ ನೋಡಿದರು, ಕಪ್ಪು ನೋಡಿದರು, ಅವರ ಮುಖದಲ್ಲೂ ಏನೋ ಸಡಿಲಾಯಿತು. ವಿಷಯ ಹೀಗೆ ಎಂದು ಬಿಡಿಸಿ ಹೇಳಬಹುದಿತ್ತು. ತಟ್ಟೆ ನೆಲಕ್ಕಿಟ್ಟು ಒಳಕ್ಕೆ, ಅಪ್ಪನ ಮಗ್ಗದ ಹತ್ತಿರ ಓಡಿದೆ.

ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಲಾಳಿಯ ಸಪ್ಪಳದಲ್ಲಿ ಹೊರಗಿನದೇನೂ ಅವನಿಗೆ ಕೇಳುತ್ತಿರಲಿಲ್ಲ. "ಏನಂತಾರವಾ?" ಎಂದ, ಕೈ ನಿಲ್ಲಿಸದೆ.

ನಾನು ಕುಣಿಯ ಅಂಚಿಗೆ ಕೂತೆ. ಅಲ್ಲಿ ಕೂತರೆ ನನ್ನ ಗಂಟಲು ತಾನೇ ತೆರೆಯುತ್ತದೆ. ಸಣ್ಣಂದಿನ ರೂಢಿ. ಬಂದದ್ದು ನನ್ನ ದನಿಯಲ್ಲ, ನೀಲವ್ವನದು. ತುಸು ಎಳೆದು, ಕೊನೆಗೆ ಮೆಲ್ಲಗೆ ಮೇಲೇರಿಸುವ ಆ ದನಿ.

"ಏನ ಹೇಳಲೋ ಎಪ್ಪಾ, ನನ್ನ ಹುಡುಕ್ಕೋತ ಬಂದಾರ. ನಾ ಹೋಗಿ ಎಷ್ಟು ಮಳಿಗಾಲ ಆದವು, ಇನ್ನೂ ಮರತಿಲ್ಲಂತ ಈ ಮಂದಿ."

ಹಿಂದೆ ಹೊಸ್ತಿಲ ಮೇಲೆ ಸಪ್ಪಳವಾಯಿತು. ಬಂದವರು ಅಲ್ಲಿ ನಿಂತಿದ್ದರು, ಬಣ್ಣಗೆಟ್ಟ ಮುಖದಿಂದ.

"ಆ ಟೇಪು..." ಎಂದರು. "ಆ ಟೇಪು ಯಾರ ಹತ್ರ ಐತ್ರಿ?"

*

ಅವರ ಹೆಸರು ಅಂದಪ್ಪ. ಲಕ್ಷ್ಮೇಶ್ವರದ ಹತ್ತಿರ ಶಿಗ್ಲಿಯವರು, ಅವರದೂ ನೇಕಾರರ ಮನೆ. ರೇಡಿಯೋದಲ್ಲಿ ನಾಟಕದ ಮಾತು ತಿದ್ದಿ ಬರೆಯುವ ಕೆಲಸ. 'ಹಳ್ಳದ ದಂಡಿ' ಅನ್ನುವುದು ಊರಲ್ಲ, ಬುಧವಾರ ಸಂಜೆ ಬರುವ ಧಾರಾವಾಹಿ.

ಇದನ್ನೆಲ್ಲ ಬಿಡಿಸಿ ಹೇಳಿದ್ದು ನಮ್ಮ ಆಯಿ, ಅಪ್ಪನ ತಾಯಿ ಬನಶಂಕರೆವ್ವ. ಪಕ್ಕದ ಮನೆಯ ಶಮಶಾದಬಿ ಚಾಚಿ ಬಣ್ಣ ಹಾಕಿಟ್ಟ ನೂಲು ತರಲು ಹೋಗಿದ್ದವಳು ಬಾಗಿಲಿಗೆ ಬರುವಷ್ಟರಲ್ಲಿ ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಯಿ ಕತೆ ಕೇಳಿ ನೂಲಿನ ಲಡಿಗಳನ್ನು ಮಡಿಲಿಗೆ ಹಾಕಿಕೊಂಡು ಕೂತು ನಕ್ಕಳು.

"ಅಲ್ಲ ಯಮನಿ, ನೀಲವ್ವ ಯಾರಂತ ತಿಳೀಲಿಲ್ಲ ನಿನಗ? ಆಕಿ ತವರುಮನಿಯಿಂದ ಹೊಂಟ ದಿನ ನೀನ ಸಾರಿಗೆ ಉಪ್ಪು ಹಾಕೂದು ಮರತಿದ್ದಿ."

"ಅದು ರೇಡಿಯೋದ್ದು ಅತ್ತಿ. ನಾ ಖರೇದ್ದು ಅಂತ ತಿಳದೆ," ಎಂದಳು ಅವ್ವ.

ಧಾರಾವಾಹಿ ಶುರುವಾದಾಗ ನಾನು ಇನ್ನೂ ಲಂಗದ ಹುಡುಗಿ. ಮೊದಲು ನೀರು ಹರಿಯುವ ಸಪ್ಪಳ, ಆಮೇಲೆ ಎತ್ತಿನ ಕೊರಳ ಗೆಜ್ಜೆ, ಆಮೇಲೆ ದೂರದಿಂದ ಒಬ್ಬ ಹೆಂಗಸು ಯಾರನ್ನೋ ಕರೆಯುವ ದನಿ. ಅದು ನೀಲವ್ವ. ಆ ದನಿ ಕೇಳಿದ್ದೇ ತಡ, ಓಣಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಜೋರು ಮಳೆ ಹೊಳವಾದ ಹಾಗೆ. ರೇಡಿಯೋ ಇದ್ದ ಮನೆಗಳಲ್ಲಿ ನಮ್ಮದೂ ಒಂದು, ಹಾಗಾಗಿ ಪಡಸಾಲೆ ತುಂಬಿಬಿಡುತ್ತಿತ್ತು. ಚಾಚಿ ಬಣ್ಣದ ಕೈಯಲ್ಲೇ ಬಂದು, ಗೋಡೆಗೆ ತಾಗದಂತೆ ಕೈ ಮುಂದೆ ಹಿಡಿದು ಕೂರುತ್ತಿದ್ದಳು. ಕತೆಯ ಊರಿನ ಗುರುಪಾದಗೌಡ ನೀಲವ್ವನಿಗೆ ಬೈದರೆ ಹೆಂಗಸರೆಲ್ಲ ರೇಡಿಯೋಕ್ಕೇ ತಿರುಗಿ ಬೈಯುತ್ತಿದ್ದರು.

ನಿಲ್ಲದ ಮಗ್ಗ ಒಂದೇ. ಅಪ್ಪನದು.

"ಕೈ ಹಿಡಿದ ಲಯ ಬಿಟ್ರ ಮತ್ತ ಹತ್ತಂಗಿಲ್ಲ," ಎನ್ನುತ್ತಿದ್ದ. ಆದರೆ ಕತೆಯೂ ಬೇಕು. ಅದಕ್ಕೆ ನನ್ನನ್ನು ಪಡಸಾಲೆಗೂ ಕುಣಿಗೂ ನಡುವಿನ ಹೊಸ್ತಿಲಲ್ಲಿ ಕೂರಿಸಿದ. ರಾಟಿಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ, ಒಂದು ಕಿವಿ ರೇಡಿಯೋ ಕಡೆ ಇಟ್ಟು, ಬಂದ ಮಾತನ್ನು ಬಂದ ದನಿಯಲ್ಲೇ ಅಪ್ಪನಿಗೆ ದಾಟಿಸುವುದು ನನ್ನ ಕೆಲಸ. ಗೌಡನ ಕೆಮ್ಮು, ಗೌಡ್ತಿಯ ಕೊಂಕು, ನೀಲವ್ವನ ಎಳೆದ ಮಾತು. ಶಾಲೆಯಲ್ಲಿ ಹಾಜರಿ ಹೇಳಲೂ ಹೆದರುತ್ತಿದ್ದ ಹುಡುಗಿ ಅಲ್ಲಿ ಇಡೀ ಊರಿನ ಬಾಯಾಗಿ ಮಾತಾಡುತ್ತಿದ್ದೆ. ನನ್ನದಲ್ಲದ ಮಾತಿಗೆ ನನಗೆ ಹೆದರಿಕೆ ಇರಲಿಲ್ಲ.

ಈಗಲೂ ಧಾರಾವಾಹಿ ಬರುತ್ತದೆ. ಹಳೆಯ ನೀಲವ್ವನಾಗಿ ಮಾತಾಡಿದ ಹೆಣ್ಣುಮಗಳು ಎಲ್ಲಿಗೋ ಹೋದಳಂತೆ, ಬೇರೆ ದನಿ ಬಂತು. ಗುರುಪಾದಗೌಡ ತೀರಿಕೊಂಡ. ನೀಲವ್ವನ ಮಕ್ಕಳು ಕಾಲೇಜಿಗೆ ಹೋಗುತ್ತಾರೆ, ಟ್ರ್ಯಾಕ್ಟರ್ ಬಗ್ಗೆ ಮಾತಾಡುತ್ತಾರೆ. ಶುರುವಿನ ನೀರಿನ ಸಪ್ಪಳ ತೆಗೆದು ಏನೋ ಸಂಗೀತ ಹಾಕಿದ್ದಾರೆ. ಹಳ್ಳದ ದಂಡೆಯಲ್ಲಿ ಹಳ್ಳವೇ ಇಲ್ಲ. ಓಣಿಯ ಮಗ್ಗಗಳು ಈಗ ನಿಲ್ಲುವುದಿಲ್ಲ.

"ಮೊದಲಿನ ವರ್ಷದ ಟೇಪು ಒಂದೂ ಉಳದಿಲ್ರಿ," ಎಂದರು ಅಂದಪ್ಪನವರು. "ಹಳೆ ಕೇಳುಗರ ನೆನಪು ಕೂಡಿಸಿ ಒಂದು ವಿಶೇಷ ಕಾರ್ಯಕ್ರಮ ಮಾಡೂದೈತಿ. ಈ ಓಣ್ಯಾಗ ಕೇಳಿದ್ರ ಎಲ್ಲಾರೂ ಬನಶಂಕರೆವ್ವನ ಮನಿ ತೋರಿಸಿದ್ರು."

"ನಾ ಏನ ಹೇಳಲೆಪಾ, ನನಗ ಅರ್ಧ ಮರತೇತಿ," ಎಂದಳು ಆಯಿ. ಗದ್ದದಿಂದ ನನ್ನ ಕಡೆ ತೋರಿಸಿದಳು. "ಟೇಪು ಬೇಕಂದ್ರ ಅಲ್ಲಿ ಕುಂತಾಳ ನೋಡು."

ಅವರು ನನ್ನ ಕಡೆ ತಿರುಗಿದರು. ನಾನು ರಾಟಿಯ ಕಡೆ ತಿರುಗಿದೆ.

*

ಮುಂಡರಗಿಯವರು ಮರುದಿನ ಬಂದರು. ನಾಲ್ಕು ಜನ, ಸಭ್ಯರು. ಏನೇನೋ ಕೇಳಿದರು, ನಾನು ತಲೆಯಾಡಿಸಿದೆ. ಹೋಗುವಾಗ ವರನ ತಾಯಿ ಅವ್ವನ ಕೈ ಹಿಡಿದು ಹೇಳಿದರು.

"ನಮಗ ಹಿಡಿಸೇತ್ರಿ. ಮಾತು ಕಮ್ಮಿ ಹುಡುಗಿ. ಇಂಥಾಕಿನ ಬೇಕಾಗಿತ್ತು. ಗಣಪತಿ ಹಬ್ಬ ಆಗೂದ್ರಾಗ ನಿಮ್ಮ ಮಾತು ಹೇಳಿ ಕಳಸ್ರಿ."

ಅವ್ವ ಸಂತೋಷಪಟ್ಟಳು. ಯಾವುದನ್ನು ಕುಂದು ಎಂದು ಹೆದರಿದ್ದಳೋ ಅದನ್ನೇ ಅವರು ಮೆಚ್ಚಿದ್ದರು. ನನಗೆ ಮಾತ್ರ ಬಾಗಿಲೊಂದು ಮೆಲ್ಲಗೆ ಮುಚ್ಚಿದ ಹಾಗಾಯಿತು. ಬೈದು ಮುಚ್ಚಿದ್ದಲ್ಲ, ಪ್ರೀತಿಯಿಂದಲೇ.

ಅಂದಪ್ಪನವರು ಬುಧವಾರ ಬುಧವಾರ ಬಂದರು. ಗದಗ ಸ್ಟೇಷನ್ನಿನಿಂದ ಟಾಂಗಾ ಹಿಡಿದು, ಚೀಲದಲ್ಲಿ ಟೇಪ್‌ರೆಕಾರ್ಡರ್ ಹೊತ್ತುಕೊಂಡು. ನಾನು ಕುಣಿಯ ಅಂಚಿನಲ್ಲಿ, ಅವರು ಹೊಸ್ತಿಲ ಆಚೆ ಚಾಪೆಯ ಮೇಲೆ, ನಡುವೆ ಕೆಂಪು ಬಟನ್ನಿನ ಆ ಯಂತ್ರ. ಅವರು ಬಟನ್ ಒತ್ತಿ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ನೋಡಿದರೆ ನನ್ನ ದನಿ ನಿಲ್ಲುತ್ತದೆ ಎಂದು ಮೊದಲ ವಾರವೇ ತಿಳಿದುಕೊಂಡಿದ್ದರು. ಆದರೆ ಗೋಡೆಯ ಗೂಡಿನಲ್ಲಿ ನಮ್ಮ ಹಳೆಯ ರೇಡಿಯೋ ಇತ್ತು. ಅದರ ಗಾಜಿನಲ್ಲಿ ನಾನು ಅವರಿಗೆ ಕಾಣುತ್ತಿದ್ದೆ. ಅವರೂ ನನಗೆ ಕಾಣುತ್ತಿದ್ದರು. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

"ಗೌಡ ಕೆಮ್ಮೂದು ಇನ್ನೊಮ್ಮೆ ಬರಲಿ ರೀ," ಎನ್ನುತ್ತಿದ್ದರು.

ನಾನು ಕೆಮ್ಮುತ್ತಿದ್ದೆ.

"ಹಾಂ. ನಮ್ಮೂರಾಗ ಈ ಕೆಮ್ಮು ಕೇಳಿದ್ರ ಪಂಚಾಯ್ತಿ ಕಟ್ಟಿ ಮ್ಯಾಲ ಕುಂತ ಮುದುಕರು ಬೀಡಿ ಆರಸ್ತಿದ್ರು."

ಒಂದು ದಿನ, ಯಂತ್ರ ನಿಲ್ಲಿಸಿದ ಮೇಲೆ, ಕ್ಯಾಸೆಟ್ಟಿನ ಮೇಲೆ ಹೆಸರು ಬರೆಯುತ್ತ ಮೆಲ್ಲಗೆ ಕೇಳಿದರು.

"ನೀಲವ್ವಂದು ಕೇಳಿದೆ, ಗೌಡ್ತಿದು ಕೇಳಿದೆ. ನಿಮ್ಮದು ಹೆಂಗೈತ್ರಿ?"

"ಏನು?"

"ದನಿ."

ನನ್ನ ಕೈಯಲ್ಲಿ ನೂಲು ಹರಿಯಿತು. ಅದನ್ನು ಹೊಸೆದು ಕೂಡಿಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಗಾಜಿನಲ್ಲಿ ಅವರು ಕಾದರು. ಆಮೇಲೆ ನಕ್ಕು, "ಆತು, ಅವಸರಿಲ್ಲ," ಎಂದು ಎದ್ದರು.

ಅವರಿಗೆ ಒಂದು ಕೊರತೆ ಉಳಿದಿತ್ತು. ನೀಲವ್ವನ ಮದುವೆಯ ವಾರ ಶಿಗ್ಲಿಯ ಪಂಚಾಯ್ತಿ ರೇಡಿಯೋದ ಸೆಲ್ಲು ಮುಗಿದಿತ್ತಂತೆ. ಮದುಮಗಳು ಹೊಸ್ತಿಲು ದಾಟುವ ಮೊದಲು ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಬೇಕಲ್ಲ, ನೀಲವ್ವ ಹೇಳಿದ ಒಡಪು ಯಾವುದು?

"ಊರಾಗೆಲ್ಲಾ ಮಂದಿ ಅದನ್ನ ಮಾತಾಡ್ತಿದ್ರು, ನಾ ಕೇಳಲಿಲ್ಲ. ಸಣ್ಣಾವ ಇದ್ದೆ, ಅತ್ತೇನಿ," ಎಂದರು. "ಈ ಕಾರ್ಯಕ್ರಮದಾಗ ಅದೊಂದು ಇರಲೇಬೇಕ್ರಿ."

ಆಯಿ ತಕ್ಷಣ ಹೇಳಿದಳು. "ಗೊತ್ತೈತಿ ತಗೋ. 'ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ ಭದ್ರ, ಬಾಗಲ ಬಿಡ್ರಿ ಬರತೇನಿ, ನಮ್ಮ ರಾಯರು ಶಿವರುದ್ರ.'"

"ಅಲ್ಲ ಅಲ್ಲ," ಎಂದಳು ಹಿತ್ತಲ ಬಾಗಿಲಿನಿಂದ ಶಮಶಾದಬಿ ಚಾಚಿ. "ನಾ ಈ ಕಿವೀಲೆ ಕೇಳೇನಿ. 'ಬಣ್ಣದಾಗ ಬಣ್ಣ ಕೆಂಪು, ಅತ್ತಿ ಮನಿ ಅಂಗಳ ತಂಪು, ಶಿವರುದ್ರನ ಹೆಸರು ಕಿವಿಗೆ ಇಂಪು.'"

"ಕೆಂಪು ಎಲ್ಲಿ ಬಂತ ಅದರಾಗ? ನಿನ್ನ ಬಣ್ಣದ ಹಂಡೇದಾಗಿಂದ ಬಂತು," ಎಂದಳು ಆಯಿ.

"ನಿನ್ನ ಬೆಲ್ಲ ಎಲ್ಲಿಂದ ಬಂತವಾ? ಸಕ್ಕರಿ ಕಾಯಿಲೆ ಐತಿ ಅಂತ ಡಾಕ್ಟರು ಬಿಡಿಸಿದ್ದಕ್ಕ, ಕನಸಿನ್ಯಾಗೂ ಬೆಲ್ಲ."

ಓಣಿಯಲ್ಲಿ ಯಾರನ್ನು ಕೇಳಿದರೂ ಒಂದೊಂದು ಒಡಪು. ಎಲ್ಲರೂ ಆಣೆ ಮಾಡಿ ತಾವು ಕೇಳಿದ್ದೇ ಖರೆ ಎನ್ನುವವರು. ಅವರು ಎಲ್ಲವನ್ನೂ ಟೇಪಿನಲ್ಲಿ ತುಂಬಿಕೊಂಡರು. ಆಮೇಲೆ ಗಾಜಿನಲ್ಲಿ ನನ್ನನ್ನು ನೋಡಿದರು. ನಾನು ರಾಟಿ ತಿರುಗಿಸಿದೆ.

*

ಒಂದು ಮಧ್ಯಾಹ್ನ ಆಯಿ ಮತ್ತು ನಾನು ನೂಲು ಬಿಡಿಸುತ್ತ ಕೂತಿದ್ದೆವು. "ಇವತ್ತ ಮಳಿ ಬರತೈತಿ," ಎಂದೆ. "ಅವರು ಕೊಡಿ ಇಲ್ಲೇ ಬಿಟ್ಟು ಹೋಗ್ಯಾರ."

ಆಯಿ ನೂಲು ಬಿಟ್ಟಳು. "ಯಾರು?"

"ಅವರು."

"ಅವರು ಅಂದ್ರ ಯಾರವಾ?"

ನಾನು ಹೆಸರು ಹೇಳಲು ಹೋದೆ. ನಾಲಿಗೆಯ ತುದಿಗೆ ಬಂದು ನಿಂತಿತು. ಹೊಸ್ತಿಲಲ್ಲಿ ನಿಂತ ಹಾಗೆ.

"ಮೊದಲನೇ ವಾರ ಬಾಯಿ ತುಂಬ ಅಂದಪ್ಪನವರು, ಅಂದಪ್ಪನವರು ಅಂತಿದ್ದಿ," ಎಂದಳು ಆಯಿ, ಪಿಸುದನಿಯಲ್ಲಿ. "ಯಾವಾಗಿಂದ ‘ಅವರು’ ಆದ್ರು? ನಿಮ್ಮಜ್ಜನ ಹೆಸರು ನಾ ಹಿಂಗ ನುಂಗಿದ್ದೆ. ಆದ್ರ ಕೊರಳಾಗ ತಾಳಿ ಬಿದ್ದ ಮ್ಯಾಲೆ ನುಂಗಿದ್ದೆ. ನೀ ಮೊದಲ ನುಂಗೀದಿ."

ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಖರೆ ಹೇಳುತ್ತೇನೆ, ನನ್ನ ಮನಸ್ಸು ನನಗಿಂತ ಮೊದಲು ನನ್ನ ನಾಲಿಗೆಗೆ ತಿಳಿದಿತ್ತು. ಇಲ್ಲಿಯೂ ನೋಡಿ, ಬರೆಯುತ್ತ ಬರೆಯುತ್ತ ಯಾವಾಗಲೋ ‘ಅವರು’ ಎಂದುಬಿಟ್ಟಿದ್ದೇನೆ.

ಆದರೆ ನಾನು ಹೆಸರು ಬಿಟ್ಟದ್ದು ಅವರಿಗೆ ಬೇರೆಯೇ ಆಗಿ ಕಂಡಿತ್ತು. ಮುಂದಿನ ಬುಧವಾರ ಮಾತು ಕಡಿಮೆಯಾಯಿತು. ಗಾಜಿನ ಕಡೆ ನೋಡಲಿಲ್ಲ. ಅವ್ವ ಚಹಾ ಕೊಡುತ್ತ ಮುಂಡರಗಿಯ ಸಂಬಂಧದ ಸುದ್ದಿ ಹೇಳಿದಾಗ, "ಛಲೋ ಆತ್ರಿ," ಎಂದು ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಬಾಯಿ ಸುಟ್ಟಿರಬೇಕು. "ಇನ್ನೊಂದು ವಾರ ಬಂದ್ರ ಕೆಲಸ ಮುಗೀತ್ರಿ," ಎಂದು ಹೋದರು. ಕೊಡೆ ಮರೆಯದೆ ತೆಗೆದುಕೊಂಡು ಹೋದರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು.

ಹಬ್ಬ ಹತ್ತಿರ ಬಂತು. ಸಕ್ರಪ್ಪ ಕಾಕಾ ಬಂದು ಉತ್ತರ ಕೇಳಿ ಹೋದ. ಸಂಜೆ ಅಪ್ಪ ನೇಯುತ್ತಲೇ ಕೇಳಿದ.

"ಏನಂತ ಹೇಳಿ ಕಳಸಲಿ ಇಂದವ್ವಾ? ನಿನ್ನ ಮನಸಿನ್ಯಾಗ ಏನೈತಿ?"

ನಾನು ಕುಣಿಯ ಅಂಚಿಗೆ ಕೂತೆ. ಗಂಟಲು ತೆರೆಯಿತು. "ಎಪ್ಪಾ, ನೀ ಹೆಂಗ ಹೇಳತಿ ಹಂಗ," ಎಂದೆ. ಎಳೆದು, ಕೊನೆಗೆ ಮೇಲೇರಿಸಿ.

ಅಪ್ಪ ತಲೆ ಎತ್ತಲಿಲ್ಲ. ಲಾಳಿ ಒಮ್ಮೆ ಹೋಗಿ ಬಂತು.

"ನಾ ನೀಲವ್ವನ್ನ ಕೇಳಿಲ್ಲವಾ," ಎಂದ. "ನಿನ್ನ ಕೇಳೇನಿ."

ನನ್ನಲ್ಲಿ ಬೇರೆ ದನಿ ಇರಲಿಲ್ಲ. ಎದ್ದು ಹೋದೆ. ನಾಡಿದ್ದು ಬುಧವಾರ. ಅದು ಕಳೆದರೆ ಹಬ್ಬ. ಹಬ್ಬ ಕಳೆದರೆ ನಾನು ಮಾತು ಕಡಿಮೆಯ ಹುಡುಗಿಯಾಗಿ ಮುಂಡರಗಿಗೆ ಹೋಗುವವಳು. ಅವರು ಒಳ್ಳೆಯ ಜನ, ಒಂದು ದಿನವೂ ನನ್ನನ್ನು ಮಾತಾಡಿಸಿ ತೊಂದರೆ ಕೊಡಲಾರರು.

*

ಆ ಬುಧವಾರ ಬಿಸಿಲು ಬಿದ್ದಿತ್ತು. ಅವರು ಬಂದು ಚಪ್ಪಲಿ ಜೋಡಿಸಿಟ್ಟರು, ಯಂತ್ರ ಹೊರತೆಗೆದರು. ಆಯಿ ರಾಟಿಯ ಮುಂದೆ, ಅವ್ವ ಒಲೆಯ ಮುಂದೆ, ಅಪ್ಪ ಕುಣಿಯಲ್ಲಿ.

"ಒಂದ ಉಳದೇತ್ರಿ," ಎಂದರು, ನೆಲ ನೋಡುತ್ತ. ಈ ಸಲ ನೆಲ ನೋಡುವ ಸರದಿ ಅವರದು. "ಮದಿವಿ ವಾರ. ಓಣ್ಯಾಗಿನವರೆಲ್ಲಾ ಒಂದೊಂದು ಹೇಳ್ಯಾರ. ನೀವೊಬ್ಬರ ಹೇಳಿಲ್ಲ. ಆಕಿ ಏನಂದ್ಲು?"

"ಆಕಿ ಅನ್ನಲಿಲ್ಲ," ಎಂದೆ.

"ಅಂದ್ರ?"

"ಬಾಗಲದಾಗ ನಿಂತಳು. ಎಲ್ಲಾರೂ ಕಾಡಿದ್ರು, ಹೆಸರು ಹೇಳು ಹೆಸರು ಹೇಳು ಅಂತ. ಸುಮ್ನ ನಿಂತಳು. ಬಳಿ ಸಪ್ಪಳ ಆತು. ಹಳ್ಳದ ನೀರಿನ ಸಪ್ಪಳ ಬಂತು. ಅವತ್ತಿನ ಕತಿ ಅಲ್ಲಿಗೆ ಮುಗೀತು. ಮುಂದಿನ ವಾರ ಆಕಿ ಆಗಲೇ ಒಳಗ ರೊಟ್ಟಿ ಬಡೀತಿದ್ಲು."

ರಾಟಿ ನಿಂತಿತು. "ಹೌದನೋ?" ಎಂದಳು ಆಯಿ. "ಹಂಗಾರ ನಾ ಕೇಳಿದ್ದು?"

"ಅದು ನಿಂದ ಆಯಿ. ನಿನ್ನ ಮದಿವ್ಯಾಗ ನೀ ಹೇಳಿದ್ದು, ಅಜ್ಜನ ಹೆಸರು ತಗದು ಶಿವರುದ್ರನ ಹೆಸರು ಹಾಕಿದಿ ಅಷ್ಟ."

ಆಯಿ ಬಾಯಿಗೆ ಸೆರಗು ಹಿಡಿದಳು. ಅವರು ಮಾತ್ರ ನಗಲಿಲ್ಲ. ಸಣ್ಣಂದಿನಿಂದ ಹುಡುಕಿದ ಮಾತು ಮಾತೇ ಅಲ್ಲ ಎಂದು ತಿಳಿದವರ ಹಾಗೆ ಕೂತಿದ್ದರು.

"ಯಾಕ ಹೇಳಲಿಲ್ಲ ಆಕಿ?"

"ಹೇಳಿದ್ರ ಎಲ್ಲಾರಿಗೂ ಗೊತ್ತಾಗತಿತ್ತು. ಆ ಹೆಸರಿನ ಮ್ಯಾಲ ಎಷ್ಟು ಜೀವಾ ಐತಿ ಅಂತ."

ಅವರು ತಲೆ ಎತ್ತಿದರು. ಗಾಜಿನಲ್ಲಲ್ಲ, ನೇರವಾಗಿ ನೋಡಿದರು.

"ನೀವೂ ನನ್ನ ಹೆಸರು ಬಿಟ್ಟೀರಿ," ಎಂದರು. "ಮೊದಲಿಗೆ ಅಂದಪ್ಪನವರ ಅಂತಿದ್ರಿ. ಆಮ್ಯಾಲೆ ಬರೇ ‘ರೀ’ ಆತು. ಈಗ ಅದೂ ಇಲ್ಲ. ನಾ ಏನರ ತಪ್ಪು ಮಾಡಿದ್ರ ಹೇಳ್ರಿ, ಹೋಗೂ ಮುಂದ ಕೇಳಿಕೊಂಡು ಹೋಗ್ತೇನಿ."

ಆಯಿ ಹಣೆ ಬಡಿದುಕೊಂಡಳು. "ಎಲಾ ಇವನ. ಹೆಣ್ಣು ಹೆಸರು ಬಿಡೂದು ಯಾವಾಗ ಅಂತ ಶಿಗ್ಲ್ಯಾಗ ಯಾರೂ ಕಲಸಲಿಲ್ಲೇನಪಾ ನಿನಗ?"

ಅವರ ಕಿವಿಯ ತುದಿ ಕೆಂಪಾಯಿತು. ಕೆಂಪು ಮೆಲ್ಲಗೆ ಕೆನ್ನೆಗೆ ಇಳಿಯಿತು.

ಆಗ ನನಗೆ ಒಂದು ಬದಲಾವಣೆ ಕೇಳಿಸಿತು. ಕೇಳಿಸಿತು ಎನ್ನುವುದಕ್ಕಿಂತ, ಕೇಳುವುದು ನಿಂತಿತು. ಹುಟ್ಟಿದಾಗಿನಿಂದ ನನ್ನ ಬೆನ್ನ ಹಿಂದೆ ಇದ್ದ ಸಪ್ಪಳ ಇರಲಿಲ್ಲ. ನೀಲವ್ವನ ಮದುವೆಗೆ ನಿಲ್ಲದ, ಗೌಡನ ಸಾವಿಗೆ ನಿಲ್ಲದ ಮಗ್ಗ ನಿಂತಿತ್ತು. ಅಪ್ಪ ಲಾಳಿಯನ್ನು ಕೈಯಲ್ಲಿ ಹಿಡಿದು ನನ್ನನ್ನು ನೋಡುತ್ತಿದ್ದ.

"ಹೇಳವಾ," ಎಂದ. "ಕೇಳಾಕ ಕುಂತೇನಿ."

ಇಷ್ಟು ವರ್ಷ ಮಗ್ಗದ ಸಪ್ಪಳ ಮೀರಿಸಲು ಬೇರೆಯವರ ದನಿ ಬೇಕಾಗಿತ್ತು. ಈಗ ಮೀರಿಸಬೇಕಾದದ್ದು ಏನೂ ಇರಲಿಲ್ಲ. ಮೌನದಲ್ಲಿ ಸಣ್ಣ ದನಿಯೂ ಸಾಕು.

ಬಳೆ ಸಪ್ಪಳವಾಯಿತು. ನನ್ನದೇ.

"ಮಗ್ಗಕ್ಕ ಲಾಳಿ ಚೆಂದ," ಎಂದೆ, "ಸೀರಿಗೆ ಸೆರಗು ಚೆಂದ,
ಅನಬ್ಯಾಡ ಅಂದ್ರೂ ನಾಲಿಗಿ ಅಂತು, ಅಂದಪ್ಪನ ಹೆಸರೇ ಅಂದ."

ಅದು ಎಳೆದ ದನಿಯಾಗಿರಲಿಲ್ಲ, ಕೊನೆಗೆ ಮೇಲೇರಲೂ ಇಲ್ಲ. ಸ್ವಲ್ಪ ಒಡೆದ, ತೆಳ್ಳಗಿನ ದನಿ. ನಾನೂ ಅದನ್ನು ಮೊದಲ ಸಲ ಕೇಳಿದೆ.

ಅಡುಗೆಮನೆಯ ಬಾಗಿಲಲ್ಲಿ ಅವ್ವ ಸವುಟು ಹಿಡಿದು ನಿಂತಿದ್ದಳು. ಗೋಡೆಯಾಚೆ ಚಾಚಿಯ ಹಂಡೆಯೂ ಸುಮ್ಮನಿತ್ತು, ಅಂದರೆ ಆಕೆಯೂ ಕೇಳಿದ್ದಳು.

"ಕೆಲಸ ಯಾವಾಗೋ ಮುಗದೇತ್ರಿ," ಎಂದರು ಅವರು ಕೊನೆಗೆ. ಅಪ್ಪನಿಗೆ ಹೇಳುತ್ತ ನನ್ನನ್ನು ನೋಡಿದರು. "ನಡುವಿನ ಬುಧವಾರ ಎಲ್ಲಾ ನನ್ನವ. ಹೇಳಾಕ ಧೈರ್ಯ ಸಾಲಲಿಲ್ಲ. ಒಡಪು ಸಿಗೂದು ತಡಾ ಆದಷ್ಟು ಛಲೋ ಅಂತ ಬರತಿದ್ದೆ."

ಅಪ್ಪ ಲಾಳಿಯ ಮೇಲಿನ ಧೂಳು ಒರೆಸಿದ. ಒರೆಸಲು ಅಲ್ಲಿ ಧೂಳಿರಲಿಲ್ಲ. "ಸಕ್ರಪ್ಪಗ ಹೇಳಿ ಕಳಸ್ತೇನಿ, ಮುಂಡರಗಿಯವರು ದಾರಿ ನೋಡೂದು ಬ್ಯಾಡ ಅಂತ," ಎಂದ.

ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಅಲ್ರಿ, ಈ ಸಲನರ ನಿಮ್ಮ ಹಿರ್ಯಾರು ಬರತಾರೋ, ಇಲ್ಲಾ ಅವರಿಗೆ ಸ್ಟುಡಿಯೋದಾಗ ಕೆಲಸ ಐತೋ?"

"ಬರತಾರ್ರಿ," ಎಂದರು ಅವರು. "ಮಗ್ಗ ನಿಲ್ಲಿಸಿ ಬರತಾರ."

ಆಮೇಲೆ ಏನೋ ನೆನಪಾಗಿ ಯಂತ್ರದ ಕಡೆ ನೋಡಿದರು. ಕೆಂಪು ಬಟನ್ ಮೇಲೆ ಬೆರಳಿತ್ತು. ಒತ್ತಿರಲಿಲ್ಲ. ಸುರುಳಿ ಒಂದು ಸುತ್ತೂ ತಿರುಗಿರಲಿಲ್ಲ.

"ಟೇಪಿನ್ಯಾಗ ಬಂದಿಲ್ಲ," ಎಂದರು, ಮಗ್ಗಿ ಮರೆತ ಹುಡುಗನ ಹಾಗೆ. "ಇನ್ನೊಮ್ಮೆ ಹೇಳ್ರಿ. ಈಗ ಒತ್ತೇನಿ ನೋಡ್ರಿ."

"ಇಲ್ಲಿ ಅಲ್ಲ," ಎಂದೆ.

"ಮತ್ತೆಲ್ಲಿ?"

"ಒಡಪು ಬಾಗಲದಾಗ ಹೇಳೂದು," ಎಂದೆ. ಆ ತೆಳ್ಳಗಿನ ದನಿ ಹೋಗಿರಲಿಲ್ಲ, ಇನ್ನೂ ನನ್ನ ಹತ್ತಿರವೇ ಇತ್ತು. "ಶಿಗ್ಲಿ ಬಾಗಲದಾಗ ಕೇಳ್ರಿ."

ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಹಗ್ಗ ಜಗ್ಗಿದ. ಲಾಳಿ ಓಡಿತು. ಮೊದಲೆರಡು ಏಟು ತಪ್ಪಿದವು, ಆಮೇಲೆ ಲಯ ಹತ್ತಿತು.